ಪಶುಪ್ರಾಣವೂ ಮನುಷ್ಯಪ್ರಾಣವೂ: ಕನ್ನಡನಾಡಿನ ಶಿಲಾಲೇಖಗಳ ಸಾಕ್ಷ್ಯ

ಸಮಾಜವು ಮನುಷ್ಯನ ಪ್ರಾಣಕ್ಕಿಂತ ಪಶುವಿನ ಪ್ರಾಣಕ್ಕೆ ಹೆಚ್ಚಿನ ಬೆಲೆಯನ್ನು ಕೊಡುತ್ತಿರುವುದೇ ಎಂಬ ಪ್ರಶ್ನೆಯು ಈಚೆಗೆ ವೃತ್ತಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಪದೇ ಪದೇ ಕೇಳಬರುತ್ತಿದೆ. ೨೦೨೫ನೆಯ ಇಸವಿ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಬೀದಿನಾಯಿಗಳನ್ನು ಹಿಡಿದು ಆಶ್ರಯಸ್ಥಾನಗಳಲ್ಲಿ ಇಡಬೇಕೆಂದು ಆಜ್ಞಾಪಿಸಿ, ಅದೇ ತಿಂಗಳ ೨೨ರಂದು ಆ ಆಜ್ಞೆಯನ್ನು ಮಾರ್ಪಡಿಸಿದಾಗ ಈ ವಾದವು ಪರಾಕಾಷ್ಠೆಗೆ ಏರಿತು. ಇಂತಹ ವಾದಗಳಲ್ಲಿ ನಾಯಿಯ ಪಕ್ಷ, ಮನುಷ್ಯನ ಪಕ್ಷ ಎಂದು ಎರಡು ಪಕ್ಷಗಳಾಗುವುದು ಸಹಜವೇ. ಆದರೆ ಎರಡು ಪಕ್ಷದವರೂ ವಿಚಾರಮಾಡದೆ ಒಪ್ಪಿಕೊಂಡಿರುವ ಒಂದು ಮಾತುಂಟು. ಈ ಗೊಂದಲವು ನಮ್ಮ ಕಾಲದ್ದು, ಹಿಂದಿನವರಲ್ಲಿ ಮನುಷ್ಯನು ಮನುಷ್ಯನ ಸ್ಥಾನದಲ್ಲಿಯೂ ಪಶುವು ಪಶುವಿನ ಸ್ಥಾನದಲ್ಲಿಯೂ ನಿಶ್ಚಿತವಾಗಿ ಇದ್ದುವು ಎಂಬುದೇ ಆ ಮಾತು. ನಮ್ಮ ನಾಡಿನ ಶಾಸನಗಳನ್ನೂ ಕಾವ್ಯಗಳನ್ನೂ ಓದಿದವರಿಗೆ ಇದು ಅಷ್ಟು ಸುಲಭವಾಗಿ ಒಪ್ಪತಕ್ಕುದಾಗಿ ತೋರುವುದಿಲ್ಲ. ಪ್ರಾಣಗಳನ್ನು ತೂಗುವ ತಕ್ಕಡಿಯು ಹಿಂದೆಯೂ ಇದ್ದಿತು. ಅದರ ಎರಡು ತಟ್ಟೆಗಳಲ್ಲಿ ಏನೇನನ್ನು ಇಟ್ಟು ತೂಗುತ್ತಿದ್ದರೆಂಬುದನ್ನು ಕೆಲವು ಸಾಕ್ಷ್ಯಗಳಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ಪರಿಶೀಲನೆಯನ್ನು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಸುತ್ತಣ ಸೀಮೆಯಿಂದ ಆರಂಭಿಸುವುದು ಉಚಿತ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬು ಶಾಸನಗಳಲ್ಲಿ ಎಡೆದೊರೆ ಎರಡು ಸಾವಿರವೆಂದು ಪ್ರಸಿದ್ಧವಾದ ನಾಡು. ಇಲ್ಲಿಯ ಅತಿ ಪುರಾತನರಾದ ಒಕ್ಕಲುಗಳು ದನಗಾಹಿಗಳಾಗಿದ್ದರೆಂಬುದಕ್ಕೆ ನೆಲವೇ ಸಾಕ್ಷಿಯಾಗಿದೆ. ಕೃಷ್ಣೆಯ ಎರಡು ದಡಗಳಲ್ಲಿಯೂ ಕಾಣಬರುವ ಬೂದಿದಿಬ್ಬಗಳು ಜ್ವಾಲಾಮುಖಿಯ ಬೂದಿಯೆಂದೂ ಯುದ್ಧದಲ್ಲಿ ಸುಟ್ಟ ಹೆಣಗಳ ಬೂದಿಯೆಂದೂ ಹಿಂದೆ ಊಹಿಸುತ್ತಿದ್ದವರುಂಟು. ೧೯೫೭ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಊಟ್ನೂರಿನ ದಿಬ್ಬವನ್ನು ಅಗೆದು, ಅದು ನವಶಿಲಾಯುಗದ ದನದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಮೇಲಿಂದ ಮೇಲೆ ಸುಟ್ಟುದರಿಂದ ಆದುದೆಂದು ಸ್ಥಾಪಿಸಿದರು. ಸುರಪುರದ ಕಡೆಯ ಬೂದಿಹಾಳದಲ್ಲಿ ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿಯಾದರೋ ದೊಡ್ಡಿಯ ಜತೆಗೆ ದನಗಳನ್ನು ಕಡಿದು ಹಸುಗೆಮಾಡುತ್ತಿದ್ದ ನೆಲವೂ ದೊರೆಯಿತು. ತುರುವೇ ಸರ್ವಸ್ವವಾಗಿದ್ದ ಜನರು ತುರುವನ್ನು ತಿಂದೂ ಬದುಕಿದರು. ಪೂಜ್ಯತೆಯೂ ಉಪಯೋಗವೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದ್ದುವೆಂಬುದನ್ನು ಇಲ್ಲಿಯೇ ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯಬಹುದು.

ಜಾಲಹಳ್ಳಿಯಿಂದ ದಕ್ಷಿಣಕ್ಕಿರುವ ಮಸ್ಕಿಯಲ್ಲಿ ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರಾದ ಬೀಡನ್ ಎಂಬಾತನಿಗೆ ದೊರೆತ ಶಿಲಾಲೇಖವು ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದನ್ನು ಹೆಸರಿನಿಂದಲೇ ಖಚಿತಪಡಿಸಿದ ಸಂಗತಿಯು ವಾಚಕರಿಗೆ ತಿಳಿದೇ ಇದೆ. ಪ್ರಾಣಿದಯೆಯನ್ನು ರಾಜ್ಯದ ಆಜ್ಞೆಯನ್ನಾಗಿ ಮಾಡಿದವರಲ್ಲಿ ಈತನೇ ಮೊದಲಿಗನು. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಕೆತ್ತಲ್ಪಟ್ಟಿರುವ ಹಿರಿಯ ಶಿಲಾಶಾಸನಗಳಲ್ಲಿ ಮೊದಲನೆಯದು, ಹಿಂದೆ ಅರಮನೆಯ ಅಡಿಗೆಮನೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದುವು, ಈಗ ಎರಡು ನವಿಲು ಒಂದು ಜಿಂಕೆ ಮಾತ್ರ, ಜಿಂಕೆಯೂ ನಿತ್ಯವಲ್ಲ, ಮುಂದೆ ಇವೂ ಇಲ್ಲ ಎಂದು ತಿಳಿಸುವುದು. ಎರಡನೆಯದು ಮನುಷ್ಯರಿಗೆ ಒಂದು, ಪಶುಗಳಿಗೆ ಒಂದು, ಹೀಗೆ ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ ದಾರಿಯುದ್ದಕ್ಕೂ ಬಾವಿಗಳನ್ನು ತೋಡಿಸಿ ಮರಗಳನ್ನು ನೆಡಿಸಿದುದನ್ನೂ ಹೇಳುವುದು. ಇಲ್ಲಿ ಪಶುವೂ ಮನುಷ್ಯನೂ ಒಂದೇ ವಾಕ್ಯದಲ್ಲಿ, ಒಂದೇ ನೆರಳಿನಲ್ಲಿ ನಿಂತಿರುವರು. ಇಂತಹ ವಾಕ್ಯವು ಆ ಕಾಲದ ಪ್ರಪಂಚದ ಬೇರೆ ಯಾವ ಅರಸನ ಲೇಖದಲ್ಲಿದ್ದೀತು?

ಆದರೆ ಇದೇ ಅರಸನು ಉತ್ತರದೇಶದ ಸ್ತಂಭಗಳ ಮೇಲೆ ತನ್ನ ಇಪ್ಪತ್ತಾರನೆಯ ವರ್ಷದಲ್ಲಿ ಬರೆಯಿಸಿದ ಶಾಸನಗಳಲ್ಲಿ ಎರಡನ್ನು ಒಟ್ಟಿಗೆ ಓದಬೇಕು. ಐದನೆಯ ಸ್ತಂಭಶಾಸನದಲ್ಲಿ ಗಿಳಿ, ಗೊರವಂಕ, ಬಾವಲಿ, ಆಮೆ ಮೊದಲಾದ ಅವಧ್ಯ ಪ್ರಾಣಿಗಳ ದೊಡ್ಡ ಪಟ್ಟಿಯೇ ಇದೆ. ಅದರ ಹಿಂದಿನ ನಾಲ್ಕನೆಯ ಶಾಸನದಲ್ಲಿಯಾದರೋ ಮರಣದಂಡನೆಗೆ ಗುರಿಯಾದ ಮನುಷ್ಯರಿಗೆ ಮೂರು ದಿನಗಳ ಅವಧಿಯನ್ನು ಮಾತ್ರ ಕೊಟ್ಟಿದೆ. ಆ ಮೂರು ದಿನಗಳಲ್ಲಿ ಬಂಧುಗಳು ಪ್ರಾಣಭಿಕ್ಷೆಗೆ ಯತ್ನಿಸಬಹುದು. ಇಲ್ಲವಾದರೆ ಉಪವಾಸ ದಾನಗಳಿಂದ ಪರಲೋಕವನ್ನು ಸಾಧಿಸಿಕೊಳ್ಳಬಹುದು. ಅಡಿಗೆಮನೆಯ ಜಿಂಕೆಗೆ ಪೂರ್ಣಾಭಯ, ಸೆರೆಮನೆಯ ಮನುಷ್ಯನಿಗೆ ಮೂರು ದಿನ! ಕಳಿಂಗಯುದ್ಧದ ಪಶ್ಚಾತ್ತಾಪವನ್ನು ಹೇಳುವ ಹದಿಮೂರನೆಯ ಶಿಲಾಶಾಸನದಲ್ಲಿಯೇ ಅಡವಿಯ ಜನರಿಗೆ, ದೇವಾನಾಂಪ್ರಿಯನು ಮರುಗುವವನಾದರೂ ಕೊಲ್ಲುವ ಶಕ್ತಿಯುಳ್ಳವನು ಎಂಬ ಎಚ್ಚರಿಕೆಯೂ ಸೇರಿದೆ.

ಇದನ್ನು ಕಂಡು, ಅಶೋಕನು ಮನುಷ್ಯನಿಗಿಂತ ಮೃಗವನ್ನೇ ಹೆಚ್ಚಾಗಿ ಪ್ರೀತಿಸಿದನೆಂದು ಹೇಳುವುದು ಆತುರದ ಮಾತಾದೀತು. ಭೀಮಾತೀರದ ಸನ್ನತಿಯಲ್ಲಿ ೧೯೮೯ರಲ್ಲಿ ಬೆಳಕಿಗೆ ಬಂದ ಕಲ್ಲಿನಲ್ಲಿ ಹನ್ನೆರಡನೆಯ ಶಾಸನದ ತರುವಾಯ ಹದಿಮೂರನೆಯದನ್ನು ಬಿಟ್ಟು ಹದಿನಾಲ್ಕನೆಯದನ್ನು ಕೆತ್ತಿ, ಬೆನ್ನಿಗೆ ಪ್ರತ್ಯೇಕ ಶಾಸನಗಳೆರಡನ್ನು ಕೊಟ್ಟಿದೆ. ಎಲ್ಲ ಮನುಷ್ಯರೂ ನನ್ನ ಮಕ್ಕಳೆಂಬ ಭಾವವೂ, ನಿಷ್ಕಾರಣವಾಗಿ ಯಾರೂ ಸೆರೆಗೂ ಹಿಂಸೆಗೂ ಗುರಿಯಾಗದಂತೆ ಅಧಿಕಾರಿಗಳು ಎಚ್ಚರವಾಗಿರಬೇಕೆಂಬ ಅಪ್ಪಣೆಯೂ ಅವುಗಳಲ್ಲಿವೆ. ಆದುದರಿಂದ ಇಲ್ಲಿ ದಯೆಯ ಕೊರತೆಯಿಲ್ಲ. ವ್ಯತ್ಯಾಸವಿರುವುದು ಬೇರೆಡೆಯಲ್ಲಿ. ಜಿಂಕೆಯು ಯಾವ ತಪ್ಪನ್ನೂ ಮಾಡಿಲ್ಲ, ಮಾಡಲಾರದು. ಅದನ್ನು ಉಳಿಸುವುದರಿಂದ ಅರಸನ ಊಟದಲ್ಲಿ ಒಂದು ವ್ಯಂಜನವು ಕಡಮೆಯಾದೀತೇ ಹೊರತು ಅರಸುತನಕ್ಕೆ ಯಾವ ಕುಂದೂ ಬಾರದು. ಮನುಷ್ಯನಿಗೆ ಅಪರಾಧಿಯಾಗುವ, ಎದುರು ನಿಲ್ಲುವ ಸಾಮರ್ಥ್ಯವಿದೆ. ಅವನನ್ನು ಬಿಟ್ಟರೆ ದಂಡವೇ ಸಡಿಲವಾಗುವುದು. ದಯೆಯು ಪ್ರಭುತ್ವಕ್ಕೆ ವೆಚ್ಚವಿಲ್ಲದ ಕಡೆಗೆ ಮೊದಲು ಹರಿಯುತ್ತದೆ. ಪಶುಪ್ರಾಣವು ಮೇಲೆಂದು ಕಾಣುವ ಅನೇಕ ಸಂದರ್ಭಗಳಲ್ಲಿ ನಿಜವಾಗಿ ನಡೆದಿರುವುದು ಇದೇ ಎಂದು ನಮ್ಮ ಅಭಿಪ್ರಾಯ.

ಇನ್ನು ಧರ್ಮಶಾಸ್ತ್ರದ ಲೆಕ್ಕವನ್ನು ನೋಡಬೇಕು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಬ್ರಹ್ಮಹತ್ಯೆಗೆ ವಿಧಿಸಿದ ಪ್ರಾಯಶ್ಚಿತ್ತದ ನಾಲ್ಕನೆಯ ಒಂದು ಪಾಲನ್ನು ಕ್ಷತ್ರಿಯವಧೆಗೂ, ಎಂಟನೆಯ ಒಂದನ್ನು ವೈಶ್ಯವಧೆಗೂ, ಹದಿನಾರನೆಯ ಒಂದನ್ನು ಶೂದ್ರವಧೆಗೂ ಹೇಳಿದೆ. ವ್ರತಕ್ಕೆ ಬದಲಾಗಿ ದಾನಮಾಡುವುದಾದರೆ ಕ್ರಮವಾಗಿ ಸಾವಿರ, ನೂರು, ಹತ್ತು ಹಸುಗಳು, ಜತೆಗೆ ಒಂದೊಂದು ಹೋರಿ. ಇದರ ಬೆನ್ನಿಗೇ ಬೆಕ್ಕು, ಮುಂಗುಸಿ, ಕಪ್ಪೆ, ನಾಯಿ, ಉಡ, ಗೂಬೆ, ಕಾಗೆ ಇವುಗಳಲ್ಲೊಂದನ್ನು ಕೊಂದವನು ಶೂದ್ರಹತ್ಯೆಯ ವ್ರತವನ್ನು ಆಚರಿಸತಕ್ಕದ್ದೆಂದು ಬರುವುದು. ಗೋವಧೆಯೂ, ಸ್ತ್ರೀ ಶೂದ್ರ ವೈಶ್ಯ ಕ್ಷತ್ರಿಯರ ವಧೆಯೂ ಉಪಪಾತಕಗಳೆಂಬ ಒಂದೇ ವರ್ಗಕ್ಕೆ ಸೇರಿವೆ. ಪ್ರಾಯಶ್ಚಿತ್ತವೇ ಬೇರೆ, ರಾಜದಂಡವೇ ಬೇರೆ; ಈ ಶ್ಲೋಕಗಳ ಆಧಾರದಿಂದ ಯಾವ ಧರ್ಮಾಸನದಲ್ಲಿಯೂ ಕೊಲೆಗಾರನನ್ನು ಬೆಕ್ಕಿನ ಲೆಕ್ಕದಲ್ಲಿ ಬಿಟ್ಟುಬಿಟ್ಟರೆಂದು ವಾದಿಸುವುದು ನ್ಯಾಯವಲ್ಲ. ಆದರೂ ಪಾಪದ ತೂಕವನ್ನು ಗೊತ್ತುಮಾಡುವಾಗ ಒಂದು ವರ್ಗದ ಮನುಷ್ಯನ ಪಕ್ಕದಲ್ಲಿ ಕಪ್ಪೆಯನ್ನು ಇಡುವುದಕ್ಕೆ ಶಾಸ್ತ್ರಕಾರನ ಕೈ ನಡುಗಲಿಲ್ಲವೆಂಬುದನ್ನು ಮರೆಮಾಚುವುದೂ ನ್ಯಾಯವಲ್ಲ. ಇಲ್ಲಿ ಕಪ್ಪೆಯು ಮೇಲೇರಿತೆಂದು ಹೇಳುವವರುಂಟು. ಕಪ್ಪೆಯು ಇದ್ದಲ್ಲಿಯೇ ಇದೆ, ಕೆಳಗಿಳಿದವನು ಮನುಷ್ಯನು.

ಇದು ಗ್ರಂಥದ ಮಾತಾಯಿತು. ಗ್ರಂಥವನ್ನು ಓದದ ಹಳ್ಳಿಯವರೂ ಕೇಳಿ ಬಲ್ಲ ಮಾತು ಶಾಸನಗಳ ಶಾಪಾಶಯದಲ್ಲಿದೆ. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನೂ ಸಾವಿರ ಬ್ರಾಹ್ಮಣರನ್ನೂ ಕೊಂದ ಪಾಪವೆಂಬ ಒಕ್ಕಣೆಯನ್ನು ನೂರಾರು ಕನ್ನಡ ಶಾಸನಗಳಲ್ಲಿ ಕಾಣುತ್ತೇವೆ. ಕಾಲಾಂತರದಲ್ಲಿ ಕುರುಕ್ಷೇತ್ರ, ಪ್ರಯಾಗ, ಗಯೆಗಳು ಸೇರಿಕೊಂಡುವು; ಆದರೆ ಕವಿಲೆಯೂ ಬ್ರಾಹ್ಮಣನೂ ಎಂಬ ಜೋಡಿ ಮಾತ್ರ ಬದಲಾಗಲಿಲ್ಲ. ಪಾಪಕ್ಕೆ ಅಳತೆಗೋಲಾಗಿ ಒಬ್ಬ ಒಕ್ಕಲಿಗನನ್ನಾಗಲಿ ಕುಂಬಾರನನ್ನಾಗಲಿ ಹೊಲೆಯನನ್ನಾಗಲಿ ಈ ಒಕ್ಕಣೆಯಲ್ಲಿ ಯಾರೂ ನಿಲ್ಲಿಸಲಿಲ್ಲ. ಅವರನ್ನು ಕೊಲ್ಲುವುದು ಪಾಪವಲ್ಲವೆಂದು ಇದರ ಅರ್ಥವಲ್ಲ. ಓದಿದವರ ಎದೆ ಜಲ್ಲೆನ್ನಬೇಕಾದರೆ ಅವರ ಹೆಸರು ಸಾಲದೆಂದು ಬರೆದವನು ಬಗೆದನು.

ಹೀಗೆ ಲೆಕ್ಕದ ಹೊರಗುಳಿದ ಜನರ ಹೆಸರು ನಮಗೆ ದೊರೆಯುವುದು ವೀರಗಲ್ಲುಗಳಲ್ಲಿ. ದೋಆಬಿನ ಹಳ್ಳಿಗಳ ಅಗಸೆಯ ಬಳಿಯಲ್ಲಿ, ಹನುಮಪ್ಪನ ಗುಡಿಯ ಮಗ್ಗುಲಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ಈ ಕಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲಿನದರಲ್ಲಿ ಶಿವಸನ್ನಿಧಿ. ಕೆಳಗಿನ ಪಟ್ಟಿಕೆಯ ಒಂದು ಮೂಲೆಯಲ್ಲಿ ನಾಲ್ಕೈದು ಹಸುಗಳು ಕೊಂಬೆತ್ತಿ ನಿಂತಿದ್ದರೆ ಅದು ತುರುಗೊಳ್ ಎಂದು ತಿಳಿಯಬೇಕು. ತುರುವನ್ನು ಮಗುಳ್ಚಿ ಸತ್ತವನ ಹೆಸರು, ಅವನ ತಂದೆಯ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು ಅಲ್ಲಿರುತ್ತವೆ. ಊರಳಿವು, ತುರುಗೊಳ್, ಪೆಣ್ಬುಯ್ಯಲ್ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಕಲ್ಲುಗಳೂ ಉಂಟು. ಊರು, ದನ, ಹೆಂಗಸು ಇವು ಮೂರೂ ಗಂಡಸು ಕಾಯಬೇಕಾದ ಸೊತ್ತು ಎಂಬ ಭಾವನೆ ಆ ಉಸಿರಿನಲ್ಲಿದೆ.

ನಾಲ್ಕು ಹಸುಗಳಿಗಾಗಿ ಒಬ್ಬ ಹರೆಯದವನು ಸಾಯುವುದೆಂದರೆ ಹಸುವಿನ ಪ್ರಾಣವು ಅವನ ಪ್ರಾಣಕ್ಕಿಂತ ಮಿಗಿಲೆಂದಾಯಿತಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಒಳ್ಳೆಯದೇ. ಆದರೆ ತುರುಗೊಳ್ಳುವವನು ದನವನ್ನು ಕೊಲ್ಲಲು ಬರುವುದಿಲ್ಲ, ಒಯ್ಯಲು ಬರುತ್ತಾನೆ. ಅಪಾಯದಲ್ಲಿರುವುದು ಹಸುವಿನ ಪ್ರಾಣವಲ್ಲ, ಊರಿನ ಬಾಳು. ಉಳುವ ಎತ್ತು, ಕರೆಯುವ ಹಸು, ಹೊಲದ ಗೊಬ್ಬರ, ಮಗಳ ಬಳುವಳಿ ಎಲ್ಲವೂ ಒಂದು ರಾತ್ರಿಯಲ್ಲಿ ಹೊಳೆಯನ್ನು ದಾಟಿಹೋದರೆ ಮುಂದಿನ ಮುಂಗಾರಿಗೆ ಆ ಊರಿನಲ್ಲಿ ಬಿತ್ತುವವರಿರುವುದಿಲ್ಲ. ಈ ನಾಡಿನ ಎರೆಯ ನೆಲವನ್ನು ಎತ್ತಿಲ್ಲದೆ ಹದಮಾಡಲಾಗದೆಂಬುದನ್ನು ಕೃಷ್ಣಾತೀರದ ಒಕ್ಕಲಿಗನಿಗೆ ವಿವರಿಸಿ ಹೇಳಬೇಕಾಗಿಲ್ಲ. ಆದುದರಿಂದ ವೀರನು ತನ್ನ ಪ್ರಾಣವನ್ನು ತೂಗಿದುದು ದನದ ಪ್ರಾಣದೊಡನೆ ಅಲ್ಲ, ತನ್ನವರ ಪ್ರಾಣದೊಡನೆ. ಸಮಾಜವೂ ಅವನ ಪ್ರಾಣಕ್ಕೆ ಬೆಲೆಯಿಲ್ಲವೆಂದು ಎಣಿಸಲಿಲ್ಲ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಮಣ್ಣನ್ನು ಬಿಡುತ್ತಿದ್ದರು. ಅವನ ಮಕ್ಕಳು ಮಕ್ಕಳ ಮಕ್ಕಳು ಅದನ್ನು ಉಣ್ಣುತ್ತಿದ್ದರು. ನೆತ್ತರುಗೊಡಗೆ ಎಂಬ ಪದದಲ್ಲಿಯೇ ನೆತ್ತರಿಗೂ ನೆಲಕ್ಕೂ ನಡೆದ ವ್ಯವಹಾರವು ಬಿಚ್ಚಿಹೇಳಿದಂತಿದೆ. ಕನ್ನಡದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಆಡಳಿತದ ಪದವು ನಮಗೆ ಹೊಳೆಯುವುದಿಲ್ಲ.

ಪಶುವಿಗೇ ಕಲ್ಲು ನಿಲ್ಲಿಸಿದ ಸಂದರ್ಭದಲ್ಲಿ ಈ ವಿಚಾರವು ಇನ್ನಷ್ಟು ಸೂಕ್ಷ್ಮವಾಗುತ್ತದೆ. ದೋಆಬನ್ನು ಬಿಟ್ಟು ದಕ್ಷಿಣದ ಗಂಗವಾಡಿಗೆ ಹೋಗೋಣ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಶಕವರ್ಷ ೮೭೨ರದು, ಎಂದರೆ ಕ್ರಿ. ಶ. ೯೪೯-೫೦ರದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದುದಕ್ಕೂ, ಗಂಗ ಬೂತುಗನು ಆ ರಾಜಾದಿತ್ಯನನ್ನು ಕೊಂದು ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಇವುಗಳನ್ನು ಮೆಚ್ಚುಗೊಡುಗೆಯಾಗಿ ಪಡೆದುದಕ್ಕೂ ಇದು ಮುಖ್ಯವಾದ ಆಧಾರ. ಇತಿಹಾಸಕಾರರು ಈ ಶಾಸನವನ್ನು ಉದಾಹರಿಸುವುದು ಬಹುಮಟ್ಟಿಗೆ ಇಷ್ಟಕ್ಕೇ. ಆದರೆ ಈ ಕಲ್ಲು ನಿಂತಿರುವುದು ಚಕ್ರವರ್ತಿಯ ಗೆಲವಿಗಾಗಿ ಅಲ್ಲ. ಕಾಳಿ ಎಂಬ ಒಂದು ನಾಯಿಗಾಗಿ.

ಬೂತುಗನ ಬಂಟನಾದ ಮಣಲೇರನೆಂಬ ಸಗರವಂಶದವನು ಆ ಯುದ್ಧದಲ್ಲಿ ಚೋಳಸೈನ್ಯವನ್ನು ಎದುರಿಸಿ ಕಾದಿದನು. ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ ಅವನು ಬೇಡಿದುದು ಒಡೆಯನ ಬೇಟೆನಾಯಿಯನ್ನು. ನೆಲವೂ ಅವನಿಗೆ ದೊರೆಯಿತು. ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಬೂತುಗನು ಕೊಟ್ಟನು. ಆದರೆ ತಾನಾಗಿ ಕೇಳಿದುದು ನಾಯಿಯೊಂದನ್ನೇ. ಆಮೇಲೆ ಬೇಟೆಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಅದಕ್ಕಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಗದ್ದೆಯನ್ನು ದತ್ತಿಬಿಟ್ಟು, ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡ ಗೊರವನಿಗೆ ಪಾಪವನ್ನು ವಿಧಿಸಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಹಂದಿಗಳ ಕಾಳಗವನ್ನು ಕೆತ್ತಿದೆ.

ತಕ್ಕೋಲದಲ್ಲಿ ಎರಡು ಪಕ್ಷಗಳಲ್ಲಿಯೂ ಸತ್ತ ಕಾಲಾಳುಗಳು ಎಷ್ಟೋ. ಅವರಲ್ಲಿ ಒಬ್ಬನ ಹೆಸರಾದರೂ ಈ ಕಲ್ಲಿನಲ್ಲಿಲ್ಲ. ಕಾಳಿಯ ಹೆಸರಿದೆ. ಇದನ್ನು ಪ್ರಾಣಿಪ್ರೀತಿಯ ದೃಷ್ಟಾಂತವೆಂದು ಹೊಗಳುವವರೂ ಉಂಟು. ಮನುಷ್ಯರನ್ನು ಕಡೆಗಣಿಸಿದುದೆಂದು ತೆಗಳುವವರೂ ಉಂಟು. ಹೊಗಳುವವರು ಹಂದಿಯನ್ನು ಮರೆತಿರುವರು. ಹಂದಿಯೂ ಪ್ರಾಣಿಯೇ; ಅದೂ ಹೋರಾಡಿಯೇ ಸತ್ತಿತು. ಅದಕ್ಕೆ ಹೆಸರಿಲ್ಲ, ಗದ್ದೆಯಿಲ್ಲ. ಹಾಗಾದರೆ ಕಲ್ಲು ನಿಂತುದು ಪಶುತ್ವಕ್ಕಲ್ಲ. ಒಡೆಯನ ಕೈಯಿಂದ ಬಂದು, ಒಡೆಯನ ಮೆಚ್ಚುಗೆಯ ಗುರುತಾಗಿ, ಒಡೆಯನಿಗಾಗಿ ಸತ್ತ ಜೀವಕ್ಕೆ. ಜೋಳವಾಳಿಯೆಂದು ನಮ್ಮ ಪೂರ್ವಿಕರು ಕರೆದ ಅನ್ನದ ಋಣವೇ ಇಲ್ಲಿಯ ಅಳತೆ. ಅನ್ನವನ್ನುಂಡು ಆಳಾಗಿ ಸತ್ತವನಿಗೂ ಅನ್ನವನ್ನುಂಡು ನಾಯಾಗಿ ಸತ್ತುದಕ್ಕೂ ಕಲ್ಲು ಒಂದೇ. ಇದೇ ಅಳತೆಯು ಮನುಷ್ಯರಲ್ಲಿ ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಹಳೇಬೀಡಿನ ಗರುಡಕಂಬವನ್ನು ನೋಡಬೇಕು. ೧೨೨೦ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಕುವರಲಕ್ಷ್ಮನು ತನ್ನ ಹೆಂಡತಿಯೊಡನೆಯೂ ಸಾವಿರ ಮಂದಿ ವೀರರೊಡನೆಯೂ ಪ್ರಾಣಬಿಟ್ಟನೆಂದು ಅಲ್ಲಿ ಬರೆದಿದೆ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವವರ ಚಿತ್ರಗಳೂ ಇವೆ. ಲಕ್ಷ್ಮನ ಹೆಸರು ಉಳಿಯಿತು. ಸಾವಿರವು ಸಾವಿರವಾಗಿಯೇ ಉಳಿಯಿತು.

ಆತಕೂರಿನ ದತ್ತಿಯ ವಿಷಯದಲ್ಲಿ ಇನ್ನೊಂದು ಭೇದವನ್ನು ಗಮನಿಸತಕ್ಕದ್ದು. ವೀರನ ನೆತ್ತರುಗೊಡಗೆಯು ಅವನ ಮನೆಗೆ ಹೋಗುತ್ತಿದ್ದಿತು. ಕಾಳಿಯ ಗದ್ದೆಯು ಗುಡಿಯ ಗೊರವನಿಗೆ ಹೋಯಿತು. ನಾಯಿಗೆ ಮರಿಗಳಿದ್ದಿರಬಹುದು, ಅವಕ್ಕೆ ಗದ್ದೆ ಬೇಕಾಗಿರಲಿಲ್ಲ. ಮನುಷ್ಯನ ಸಾವು ಹಿಂದೆ 
ಒಂದು ಮನೆಯನ್ನು ಬಿಟ್ಟುಹೋಗುವುದು, ಆ ಮನೆಯ ಭಾರವು ಊರಿನ ಮೇಲೆ ಬೀಳುವುದು. ಪಶುವಿನ ಸಾವನ್ನು ಗೌರವಿಸುವುದಕ್ಕೆ ಪೂಜೆಯೊಂದೇ ಸಾಕು. ಅಶೋಕನ ಜಿಂಕೆಯಲ್ಲಿ ಕಂಡ ನ್ಯಾಯವೇ ಇಲ್ಲಿಯೂ ಕಾಣುವುದು.

ಮರಳಿ ದೋಆಬಿಗೆ ಬರೋಣ. ೧೫೨೦ರಲ್ಲಿ ಕೃಷ್ಣದೇವರಾಯನಿಗೂ ವಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ರಾಯಚೂರಿನ ಕೋಟೆಗಾಗಿ ನಡೆದ ಯುದ್ಧವನ್ನು ಕುದುರೆಯ ವ್ಯಾಪಾರಿಯೇ ಆದ ಪೋರ್ತುಗೀಸ ನೂನಿಜನು ವಿಸ್ತಾರವಾಗಿ ವರ್ಣಿಸಿರುವನು. ರಾಯನ ಕಡೆಯಲ್ಲಿ ಬಿದ್ದವರು ಹದಿನಾರು ಸಾವಿರಕ್ಕೆ ಮೇಲ್ಪಟ್ಟವರೆಂದೂ, ಕೈವಶವಾದುದು ನಾಲ್ಕು ಸಾವಿರ ಕುದುರೆ, ನೂರು ಆನೆ, ನಾನೂರು ದೊಡ್ಡ ತೋಪುಗಳೆಂದೂ ಅವನ ಲೆಕ್ಕ. ಅದೇ ಗ್ರಂಥದಲ್ಲಿ ಸಾಳುವ ನರಸಿಂಹನ ವಿಷಯವಾಗಿ ಒಂದು ಸ್ವಾರಸ್ಯವಾದ ಸಂಗತಿಯಿದೆ. ಓರ್ಮುಜ್, ಏಡನ್‌ಗಳಿಂದ ಬರುವ ಕುದುರೆಗಳನ್ನು ಅವನು ಸಾವಿರ ಪರ್ದಾವ್‌ಗೆ ಮೂರರಂತೆ, ಬದುಕಿರಲಿ ಸತ್ತಿರಲಿ, ಕೊಳ್ಳುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಎಣಿಸಿಕೊಡುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಅಂಬಿಗನ ಲೆಕ್ಕವು ಈ ವ್ಯಾಪಾರದಲ್ಲಿ ಬರುವುದಿಲ್ಲ. ಇಲ್ಲಿ ಭಕ್ತಿಯೂ ಇಲ್ಲ, ದಯೆಯೂ ಇಲ್ಲ. ಕುದುರೆಯು ಈ ದೇಶದಲ್ಲಿ ಚೆನ್ನಾಗಿ ಹುಟ್ಟಿಬೆಳೆಯದು; ಮನುಷ್ಯನು ಯಥೇಚ್ಛವಾಗಿ ಹುಟ್ಟುವನು. ದುರ್ಲಭತೆಯೇ ಬೆಲೆ.

ಮನುಷ್ಯನನ್ನೂ ಪಶುವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಸಂದರ್ಭವೂ ಅದೇ ರಾಯನ ಕಾಲದ್ದು. ಈಗಿನ ಹೊಸಪೇಟೆಯಾದ ನಾಗಲಾಪುರದ ಬಳಿ ರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯನ್ನು ಪೇಯಸನು ಕಣ್ಣಾರೆ ಕಂಡನು. ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ಕೆಲಸಮಾಡುತ್ತಿದ್ದರಂತೆ. ಏರಿಯು ಎರಡು ಮೂರು ಸಲ ಒಡೆದುದರಿಂದ, ದೇವರಿಗೆ ಮನುಷ್ಯರ, ಕುದುರೆಗಳ, ಕೋಣಗಳ ರಕ್ತವು ಬೇಕೆಂದು ಬ್ರಾಹ್ಮಣರು ಹೇಳಿದರೆಂದೂ, ಗುಡಿಯ ಬಾಗಿಲಲ್ಲಿ ಅರುವತ್ತು ಮಂದಿಯನ್ನೂ ಕೆಲವು ಕುದುರೆ ಕೋಣಗಳನ್ನೂ ಕಡಿಯಿಸಿದರೆಂದೂ ಅವನು ಬರೆದಿರುವನು. ಆ ಮನುಷ್ಯರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳೆಂದು ನೂನಿಜನ ವಿವರಣೆ. ಪರದೇಶದವರು ಕೇಳಿ ಬರೆದ ಇಂತಹ ಸಂಗತಿಗಳಲ್ಲಿ ಉತ್ಪ್ರೇಕ್ಷೆಯಿರುವ ಸಂಭವವುಂಟಾದರೂ ಇಬ್ಬರ ಹೇಳಿಕೆಗಳೂ ಮುಖ್ಯಾಂಶದಲ್ಲಿ ಹೊಂದಿಕೊಳ್ಳುತ್ತವೆ. ಬಲಿಯ ಕೋಣವನ್ನು ಆರಿಸುವುದಕ್ಕೆ ಯಾವ ಸಮಾಧಾನವೂ ಬೇಕಿಲ್ಲ. ಬಲಿಯ ಮನುಷ್ಯನನ್ನು ಆರಿಸುವುದಕ್ಕೆ ಮಾತ್ರ ಅವನು ಹೇಗೂ ಸಾಯತಕ್ಕವನೆಂಬ ಸಮಾಧಾನವೊಂದು ಬೇಕಾಯಿತು. ಮನುಷ್ಯಪ್ರಾಣಕ್ಕೆ ಸಮಾಜವು ಕೊಟ್ಟ ಹೆಚ್ಚಿನ ಗೌರವವೆಂದರೆ ಈ ಸಮಾಧಾನವನ್ನು ಹುಡುಕುವ ತೊಂದರೆಯೇ ಆಗಿದ್ದಿತೋ ಏನೋ.

ಇಂತಹುದೇ ಸಾಲನ್ನು ಜನ್ನನು ೧೨೦೯ರ ತನ್ನ ಯಶೋಧರಚರಿತೆಯಲ್ಲಿ ಚಂಡಮಾರಿಯ ಗುಡಿಯ ಮುಂದೆ ನಿಲ್ಲಿಸಿರುವನು. ಈ ಕಥೆಯನ್ನು ಸಂಸ್ಕೃತದಲ್ಲಿ ಯಶಸ್ತಿಲಕವಾಗಿ ಬರೆದ ಸೋಮದೇವನು ಅದನ್ನು ಮುಗಿಸಿದುದು ೯೫೯ರಲ್ಲಿ, ಅದೇ ಮೂರನೆಯ ಕೃಷ್ಣನು ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದಾಗ, ಎಂದರೆ ಕಾಳಿಯ ಕಲ್ಲು ನಿಂತ ಹತ್ತು ವರ್ಷಗಳಲ್ಲಿ. ಬಲಿಗಾಗಿ ಪಶುಗಳ ಜತೆಯಲ್ಲಿ ಎಳೆಯರಾದ ಅಭಯರುಚಿ ಅಭಯಮತಿಯರನ್ನು ತಂದು ನಿಲ್ಲಿಸಿರುವಾಗ ಅಭಯರುಚಿಯು ಮಾರಿದತ್ತನಿಗೆ ತನ್ನ ಹಿಂದಿನ ಜನ್ಮಗಳನ್ನು ಹೇಳತೊಡಗುವನು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನೂ ಅವನ ತಾಯಿಯೂ ನವಿಲಾಗಿ ನಾಯಾಗಿ, ಒಂದಾದ ಮೇಲೊಂದು ಜನ್ಮದಲ್ಲಿ ಕೊಲ್ಲಿಸಿಕೊಳ್ಳುತ್ತ ಬಂದ ಕಥೆಯದು. ಇಲ್ಲಿ ಪಶು ಮೇಲೋ ಮನುಷ್ಯ ಮೇಲೋ ಎಂಬ ಪ್ರಶ್ನೆಗೆ ಎಡೆಯೇ ಇಲ್ಲ. ನಿನ್ನೆಯ ಅರಸನೇ ಇಂದಿನ ನವಿಲು. ನಾವು ಪರಿಶೀಲಿಸಿದ ಎಲ್ಲ ಸಾಕ್ಷ್ಯಗಳಲ್ಲಿ ತಕ್ಕಡಿಯನ್ನೇ ಕೆಳಗಿಟ್ಟ ಗ್ರಂಥವು ಇದೊಂದು. ಪಶುವಿನ ಕಥೆಯನ್ನು ಕೇಳಿಯೇ ಅರಸನು ಮನುಷ್ಯರನ್ನೂ ಬಿಟ್ಟನೆಂಬುದು, ಒಂದರ ಮೇಲಣ ದಯೆಯು ಇನ್ನೊಂದರ ಪಾಲನ್ನು ಕಸಿದುಕೊಳ್ಳುವುದೆಂದು ವಾದಿಸುವವರು ವಿಚಾರಿಸತಕ್ಕ ವಿಷಯವಾಗಿದೆ.

ಆದರೆ ಜನರ ಬಾಯಲ್ಲಿ ಉಳಿದುದು ಜನ್ನನ ಉತ್ತರವಲ್ಲ. ಉತ್ತರ ಕರ್ನಾಟಕದ ಹೆಂಗಸರು ಹಾಡುತ್ತ ಬಂದಿರುವ ‘ಕೆರೆಗೆ ಹಾರ’ವೆಂಬ ಕಥನಗೀತವನ್ನು ಬೋಧಿಸದ ಕನ್ನಡ ಅಧ್ಯಾಪಕರಿಲ್ಲ. ಅಲ್ಲಿಯೂ ಕೆರೆಯೇ, ಊರಿನ ಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದು. ನಾಗಲಾಪುರದಲ್ಲಿ ಅರಸನಿಗೆ ಸೆರೆಯಾಳುಗಳಿದ್ದರು, ಗೌಡನಿಗೆ ಸೆರೆಮನೆಯಿಲ್ಲ. ಕುದುರೆಯ ಮಾತಾಗಲಿ ಕೋಣದ ಮಾತಾಗಲಿ ಈ ಹಾಡಿನಲ್ಲಿ ಬರುವುದೇ ಇಲ್ಲ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನವನ್ನು ನಡೆಸುವವರಿಲ್ಲವಾಗುವುದೆಂದು ಲೆಕ್ಕಹಾಕಿ ಕಿರಿಯ ಸೊಸೆಯಾದ ಭಾಗೀರಥಿಯನ್ನು ಗೊತ್ತುಮಾಡುವರು. ಅಪರಾಧವಿಲ್ಲದವಳಿಗೆ ಅಪರಾಧವನ್ನು ಹೊರಿಸುವ ಪ್ರಯತ್ನವೂ ಅಲ್ಲಿಲ್ಲ, ಕಿರಿಯವಳಾಗಿರುವುದೇ ಸಾಕು. ಅವಳು ತವರಿಗೆ ಹೋಗಿ ತಂದೆತಾಯಿಯರೊಡನೆ ಬಿಚ್ಚಿ ಹೇಳಲಾರಳು, ಗೆಳತಿಗೆ ಮಾತ್ರ ಹೇಳಿ ಹಿಂದಿರುಗುವಳು. ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವುದು. ದಂಡಿನಲ್ಲಿದ್ದ ಗಂಡನು ಕೆಟ್ಟ ಕನಸು ಕಂಡು ಕುದುರೆಯೇರಿ ಬರುವನು. ಮನೆಯವರು ಒಂದೊಂದು ನೆವವನ್ನು ಹೇಳುವರು. ಗೆಳತಿಯು ನಿಜವನ್ನು ಹೇಳುವಳು. ಅವನೂ ಅದೇ ಕೆರೆಗೆ ಹಾರುವನು. ಆ ಕೆರೆಯ ನೀರಿನಿಂದ ಊರಿನ ದನಕರುಗಳು ಬದುಕಿದುವೋ ಎಷ್ಟು ಹೊಲಗಳು ನೆನೆದುವೋ ಎಂಬುದನ್ನು ಹಾಡಿದ ಹೆಂಗಸರು ಒಂದು ಮಾತಿನಲ್ಲಿಯೂ ಎಣಿಸಿಲ್ಲ.